ಬಿಟ್ಟ ಸ್ಥಳ ಯಾರು ತುಂಬಬೇಕು?

ಬೆಂಗಳೂರಿನ ಮೈಸೂರು ರಸ್ತೆ ಬಿಟ್ಟು ಬಾಪೂಜಿ ನಗರದ ಒಳಕ್ಕೆ ತಿರುಗಿದರೆ ನೂರಿನ್ನೂರು ಹೆಜ್ಜೆಯೊಳಗೆ ಮೂರು ನಾಲ್ಕು ಭಾಷೆಗಳು ಕಿವಿಗೆ ಬೀಳುತ್ತವೆ. ದಖನಿ ಆಡುವ ಮನೆಗಳಿವೆ, ತಮಿಳು ತೆಲುಗಿನ ಮನೆಗಳಿವೆ, ಮಂಡ್ಯ ರಾಮನಗರದ ಕಡೆಯ ಕನ್ನಡವಿದೆ, ಈಚಿನ ವರ್ಷಗಳಲ್ಲಿ ಉತ್ತರದಿಂದ ಬಂದು ನಿಂತ ಕೆಲಸಗಾರರ ಹಿಂದಿಯಿದೆ. 2011ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು ಅರ್ಧಕ್ಕಿಂತ ಕಡಿಮೆ. ಅಂದರೆ ಈ ಊರಿನ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಕನ್ನಡ ಎರಡನೆಯದೋ ಮೂರನೆಯದೋ ಆದ ಭಾಷೆ. ಕನ್ನಡದ ಮನೆಯ ಮಗುವಿಗೆ ಇಂಗ್ಲಿಷ್ ಎರಡನೆಯದು. ಒಂದೇ ಬೀದಿಯಲ್ಲಿ ಎರಡು ದಿಕ್ಕಿನ ಕಲಿಕೆ ನಡೆಯುತ್ತಿದೆ. ಈಗ ಈ ಇಬ್ಬರ ಕೈಯಲ್ಲೂ ಫೋನಿದೆ, ಫೋನಿನೊಳಗೆ ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಕೃತಕ ಬುದ್ಧಿಮತ್ತೆ (ಎಐ) ಇದೆ. ಅದು ಭಾಷೆ ಕಲಿಸುತ್ತದೆಯೇ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ, ಅದು ಎಷ್ಟು ಚೆನ್ನಾಗಿ ಮಾತಾಡುತ್ತದೆ ಎಂಬುದರ ಮೇಲೆ ನಿಂತಿರುತ್ತದೆ. ಕೇಳಬೇಕಾದ ಪ್ರಶ್ನೆ ಅದಲ್ಲ ಎನ್ನಲು ಸಾಕ್ಷ್ಯ ಬೇಕಾದರೆ ಬಹಳ ದೂರ ಹೋಗಬೇಕಿಲ್ಲ. ಮೈಸೂರು ರಸ್ತೆ ನಿಲ್ದಾಣದಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿ ಕೆಂಗೇರಿ ಕಡೆಗೆ ಮೂರು ನಿಲ್ದಾಣ ಹೋದರೆ ಸಾಕು.

ಅಲ್ಲಿ, ಜ್ಞಾನಭಾರತಿ ಆವರಣದಲ್ಲಿ, ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. ದಕ್ಷಿಣದ ರಾಜ್ಯಗಳ ಇಂಗ್ಲಿಷ್ ಮೇಷ್ಟ್ರುಗಳಿಗೆ ತರಬೇತಿ ಕೊಡುವುದಕ್ಕೆಂದು 1963ರಲ್ಲಿ ಶುರುವಾದ ಈ ಸಂಸ್ಥೆಯ ಹೆಸರು ನಮ್ಮ ಊರಿನಲ್ಲಿ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಆದರೆ ಭಾಷಾ ಬೋಧನೆಯ ಬಗ್ಗೆ ಜಗತ್ತಿನ ಯಾವ ಮೂಲೆಯಲ್ಲಿ ಪಠ್ಯಪುಸ್ತಕ ಬರೆದರೂ ಅದರಲ್ಲಿ ‘ಬೆಂಗಳೂರು ಪ್ರಾಜೆಕ್ಟ್’ ಎಂಬ ಮಾತು ಬರುತ್ತದೆ. ಆಗ ಮದರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಎನ್.ಎಸ್. ಪ್ರಭು ಈ ಸಂಸ್ಥೆಯ ಜೊತೆ ಸೇರಿ 1979ರಿಂದ 1984ರವರೆಗೆ ಬೆಂಗಳೂರು, ಮದರಾಸು ಮುಂತಾದ ಕಡೆಯ ಕೆಲವು ಮಾಮೂಲಿ ಶಾಲೆಗಳಲ್ಲಿ ನಡೆಸಿದ ಪ್ರಯೋಗ ಅದು. ಮಕ್ಕಳಿಗೆ ಇಂಗ್ಲಿಷ್ ವ್ಯಾಕರಣದ ಪಾಠವನ್ನೇ ಮಾಡಬಾರದು, ವಾಕ್ಯ ಉರು ಹೊಡೆಸಬಾರದು, ಇಂಗ್ಲಿಷಿನಲ್ಲಿ ಒಂದು ಸಮಸ್ಯೆ ಕೊಟ್ಟು ಬಿಡಿಸಲು ಹೇಳಬೇಕು, ಇಷ್ಟೇ ಅದರ ತಿರುಳು. ರೈಲಿನ ವೇಳಾಪಟ್ಟಿ, ಊರಿನ ನಕ್ಷೆ, ಶಾಲೆಯ ಟೈಮ್‌ಟೇಬಲ್, ಕೂಲಿಯ ಲೆಕ್ಕ ಇಂಥವು ಪಾಠದ ಸಾಮಗ್ರಿ. ಇಷ್ಟು ಗಂಟೆಯೊಳಗೆ ಇಂಥ ಊರು ತಲುಪಬೇಕು, ಯಾವ ಗಾಡಿ ಹಿಡಿಯಬೇಕು? ಮೊದಲು ಇಡೀ ತರಗತಿಯ ಜೊತೆ ಮೇಷ್ಟ್ರು ಅಂಥದ್ದೇ ಒಂದನ್ನು ಬಾಯಿಮಾತಿನಲ್ಲಿ ಬಿಡಿಸುತ್ತಾರೆ, ಆಮೇಲೆ ಮಕ್ಕಳು ಒಬ್ಬೊಬ್ಬರೇ ಇನ್ನೊಂದನ್ನು ಬಿಡಿಸುತ್ತಾರೆ. ಲೆಕ್ಕ ಸರಿಯಾಯಿತೇ ಎಂಬುದರ ಮೇಲೆ ಗಮನ, ವ್ಯಾಕರಣ ಸರಿಯಾಯಿತೇ ಎಂಬುದರ ಮೇಲಲ್ಲ. ಮನಸ್ಸು ಅರ್ಥದ ಬೆನ್ನು ಹತ್ತಿದಾಗಲೇ ಭಾಷೆಯ ರೂಪ ಒಳಗೆ ಇಳಿಯುತ್ತದೆ ಎಂಬುದು ಪ್ರಭು ಅವರ ನಂಬಿಕೆ. 1987ರಲ್ಲಿ ಆಕ್ಸ್‌ಫರ್ಡ್ ಪ್ರಕಟಿಸಿದ ಅವರ ಪುಸ್ತಕದಿಂದ ಈ ಕ್ರಮ ಹೊರದೇಶಗಳಿಗೆ ಹೋಯಿತು, ಚಟುವಟಿಕೆ ಆಧಾರಿತ ಭಾಷಾ ಬೋಧನೆ ಎಂಬ ಹೆಸರಿನಲ್ಲಿ ನಮಗೇ ಮರಳಿ ಬಂತು. ಇಲ್ಲಿ ಬೆಳೆದದ್ದು ಪ್ಯಾಕ್ ಆಗಿ ವಾಪಸು ಬಂದ ಮೇಲೆ ಕೊಳ್ಳುವ ನಮ್ಮ ಅಭ್ಯಾಸಕ್ಕೆ ಇದೂ ಒಂದು ಉದಾಹರಣೆ.

ಈ ಪ್ರಯೋಗದ ಮೂಲ ಕಲ್ಪನೆ ಅಂತರ. ಕಲಿಯುವವನಿಗೆ ಗೊತ್ತಿರುವುದಕ್ಕೂ ಅವನಿಗೆ ಬೇಕಾಗಿರುವುದಕ್ಕೂ ನಡುವೆ ಒಂದು ಖಾಲಿ ಜಾಗ ಇರಬೇಕು. ಅದನ್ನು ಅವನು ಕಲಿಯುತ್ತಿರುವ ಭಾಷೆಯಲ್ಲೇ ದಾಟಬೇಕು. ಪ್ರಭು ಮೂರು ಬಗೆಯ ಅಂತರಗಳನ್ನು ಗುರುತಿಸಿದರು: ಒಬ್ಬನಲ್ಲಿರುವ ಮಾಹಿತಿ ಇನ್ನೊಬ್ಬನಲ್ಲಿ ಇಲ್ಲದಿರುವುದು, ಅಭಿಪ್ರಾಯ ಬೇರೆ ಬೇರೆ ಇರುವುದು, ಮತ್ತು ಕೊಟ್ಟ ಸಂಗತಿಗಳಿಂದ ಕೊಡದ ಸಂಗತಿಯನ್ನು ಯೋಚಿಸಿ ತೆಗೆಯಬೇಕಾಗಿರುವುದು. ಮೂರನೆಯದರ ಮೇಲೆ ಅವರಿಗೆ ಹೆಚ್ಚು ಭರವಸೆ. ಅಂತರ ಎಷ್ಟು ಅಗಲ ಇರಬೇಕು ಎಂಬುದಕ್ಕೂ ಅವರಲ್ಲಿ ಒಂದು ಕೈಯಳತೆ ಇತ್ತು: ತರಗತಿಯ ಅರ್ಧದಷ್ಟು ಮಕ್ಕಳಾದರೂ ಕೊಟ್ಟ ಕೆಲಸದ ಅರ್ಧದಷ್ಟನ್ನಾದರೂ ಸರಿಯಾಗಿ ಮಾಡುವಂತಿರಬೇಕು. ತೀರಾ ಸುಲಭವಾದರೆ ದಾಟುವುದಕ್ಕೇನೂ ಇರುವುದಿಲ್ಲ, ತೀರಾ ಕಷ್ಟವಾದರೆ ಯಾರೂ ದಾಟುವುದಿಲ್ಲ. ನಮ್ಮ ಪ್ರಶ್ನೆಪತ್ರಿಕೆಗಳ ಭಾಷೆಯಲ್ಲಿ ಹೇಳುವುದಾದರೆ ಎಲ್ಲವೂ ಒಂದು ದೊಡ್ಡ ‘ಬಿಟ್ಟ ಸ್ಥಳ ತುಂಬಿರಿ’. ತುಂಬಿದ ಉತ್ತರಕ್ಕಿಂತ ಅದನ್ನು ತುಂಬಲು ಪಟ್ಟ ಪಾಡಿನಲ್ಲಿ ಭಾಷೆ ಹುಟ್ಟುತ್ತದೆ.

ಪ್ರಯೋಗ ಗೆದ್ದಿತೇ? ಅಲನ್ ಬೆರೆಟ್ಟಾ ಮತ್ತು ಅಲನ್ ಡೇವಿಸ್ 1985ರಲ್ಲಿ ಪ್ರಕಟಿಸಿದ ಮೌಲ್ಯಮಾಪನ ಎಚ್ಚರಿಕೆಯಿಂದ ಹೌದು ಎನ್ನುತ್ತದೆ. ವಾಕ್ಯರಚನೆಯ ಪರೀಕ್ಷೆಯಲ್ಲಿ ಹಳೆಯ ಕ್ರಮದ ಮಕ್ಕಳು ಮುಂದಿದ್ದರು, ಚಟುವಟಿಕೆಯ ಪರೀಕ್ಷೆಯಲ್ಲಿ ಪ್ರಭು ಅವರ ಮಕ್ಕಳು ಮುಂದಿದ್ದರು, ಎರಡೂ ಕಡೆಗೆ ವಾಲದಂತೆ ತಯಾರಿಸಿದ ಪರೀಕ್ಷೆಗಳಲ್ಲಿ ಒಟ್ಟಾರೆಯಾಗಿ ಪ್ರಯೋಗದ ಮಕ್ಕಳದೇ ಮೇಲುಗೈ. ಆದರೆ ಮಕ್ಕಳನ್ನು ಚೀಟಿ ಎತ್ತಿ ಹಂಚಿರಲಿಲ್ಲ. ಇದ್ದ ತರಗತಿಗಳನ್ನೇ ಹೋಲಿಸಿದ್ದರು. ಹೀಗಾಗಿ ಇದೊಂದರ ಮೇಲೆಯೇ ಸಿದ್ಧಾಂತ ಕಟ್ಟುವಂತಿಲ್ಲ. ಅದಕ್ಕೆ ಬೇರೆ ಕಡೆಯಿಂದ ಬಂದ ಬೆಂಬಲವೂ ಇದೆ. ಕೆನಡಾದಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಹೆಚ್ಚಿನ ಪಾಠವನ್ನು ಫ್ರೆಂಚಿನಲ್ಲೇ ಮಾಡುವ ಶಾಲೆಗಳಿದ್ದವು. ವರ್ಷಗಟ್ಟಲೆ ಫ್ರೆಂಚ್ ಕೇಳಿದ ಆ ಮಕ್ಕಳಿಗೆ ಅರ್ಥವಾಗದ್ದು ಯಾವುದೂ ಇರಲಿಲ್ಲ, ಆದರೆ ಬಾಯಿ ತೆರೆದರೆ ವ್ಯಾಕರಣ ಎಡವುತ್ತಿತ್ತು. ಭಾಷಾ ಕಲಿಕೆಯ ಸಂಶೋಧಕಿ ಮೆರಿಲ್ ಸ್ವೇನ್ 1985ರಲ್ಲಿ ಇದನ್ನು ತೋರಿಸಿ, ಕೇಳಿಸಿಕೊಂಡರೆ ಸಾಲದು, ಆಡಲೇಬೇಕಾದ ಒತ್ತಾಯವೂ ಬೇಕು ಎಂದರು. ಅದೇ ಕ್ಷೇತ್ರದ ಮೈಕೆಲ್ ಲಾಂಗ್ ಇನ್ನೊಂದು ಮಾತು ಸೇರಿಸಿದರು: ಮಾತು ಅರ್ಥವಾಗದೆ ನಿಂತಾಗ, ‘ಏನಂದ್ರಿ?’ ಎಂದು ಎದುರಿನವರು ಕೇಳಿದಾಗ, ಹೇಳಿದ್ದನ್ನೇ ಬೇರೆ ರೀತಿಯಲ್ಲಿ ಹೇಳಲು ಹೆಣಗಿದಾಗ ಕಲಿಕೆ ಚುರುಕಾಗುತ್ತದೆ. ಇದಕ್ಕೂ ಮುಂಚೆ, 1967ರಲ್ಲೇ ಭಾಷಾವಿಜ್ಞಾನಿ ಪಿಟ್ ಕಾರ್ಡರ್ ಕಲಿಯುವವನ ತಪ್ಪನ್ನು ಕಸವೆಂದು ಗುಡಿಸಬೇಡಿ, ಅವನ ತಲೆಯೊಳಗೆ ಭಾಷೆ ಹೇಗೆ ಕಟ್ಟಿಕೊಳ್ಳುತ್ತಿದೆ ಎಂಬುದಕ್ಕೆ ಅದೇ ಕಿಟಕಿ ಎಂದಿದ್ದರು. ಇವರೆಲ್ಲ ಒಬ್ಬರನ್ನೊಬ್ಬರು ಒಪ್ಪುವವರೇನಲ್ಲ. ಆದರೂ ತಡವರಿಕೆಗೆ ಜಾಗ ಇರಬೇಕು ಎಂಬಲ್ಲಿ ಎಲ್ಲರೂ ಬಂದು ಸೇರುತ್ತಾರೆ.

ಇನ್ನು ಫೋನಿಗೆ ಬರೋಣ. ಇವತ್ತು ಸಿಗುವ ಎಐ ಸಾಧನಗಳ ಹುಟ್ಟುಗುಣವೇ ಖಾಲಿ ಜಾಗ ಉಳಿಯಗೊಡದಿರುವುದು. ಅರ್ಧ ವಾಕ್ಯ ಬರೆದರೆ ಪೂರ್ತಿ ಮಾಡುತ್ತದೆ, ತಪ್ಪು ಬರೆದರೆ ಸದ್ದಿಲ್ಲದೆ ತಿದ್ದುತ್ತದೆ, ಕೇಳಿದರೆ ಇಡೀ ಪ್ರಬಂಧವನ್ನೇ ಕೊಡುತ್ತದೆ. ಇದರ ಪರಿಣಾಮ ಏನೆಂದು ತೋರಿಸುವ ಒಂದು ಪ್ರಯೋಗ ಟರ್ಕಿಯ ಪ್ರೌಢಶಾಲೆಯೊಂದರಲ್ಲಿ ಸುಮಾರು 1000 ವಿದ್ಯಾರ್ಥಿಗಳ ಮೇಲೆ ನಡೆಯಿತು. ವಿಷಯ ಗಣಿತ, ಭಾಷೆಯಲ್ಲ ನಿಜ. ಆದರೆ ತರಗತಿಗಳನ್ನು ಚೀಟಿ ಎತ್ತಿದಂತೆ ಹಂಚಿ ಮಾಡಿದ ಪ್ರಯೋಗವಾದ್ದರಿಂದ ಅದಕ್ಕೆ ತೂಕವಿದೆ. ಮಾಮೂಲಿ ಚಾಟ್‌ಬಾಟ್ ಸಿಕ್ಕ ಮಕ್ಕಳು ಅಭ್ಯಾಸದ ಲೆಕ್ಕಗಳಲ್ಲಿ ಉಳಿದವರಿಗಿಂತ ಶೇ 48ರಷ್ಟು ಚೆನ್ನಾಗಿ ಮಾಡಿದರು. ಅದನ್ನು ಕಿತ್ತುಕೊಂಡು ಪರೀಕ್ಷೆಗೆ ಕೂರಿಸಿದಾಗ, ಅದನ್ನು ಎಂದೂ ಬಳಸದ ಮಕ್ಕಳಿಗಿಂತ ಶೇ 17ರಷ್ಟು ಹಿಂದೆ ಬಿದ್ದರು. ಹಿಂದೆ ಬಿದ್ದದ್ದು ಅವರ ಅರಿವಿಗೇ ಬಂದಿರಲಿಲ್ಲ ಎಂಬುದು ಇನ್ನೂ ಗಮನಿಸಬೇಕಾದ್ದು. ಉತ್ತರ ಹೇಳದೆ ಸುಳಿವು ಮಾತ್ರ ಕೊಡುವಂತೆ ಕಟ್ಟಿದ ಇನ್ನೊಂದು ಚಾಟ್‌ಬಾಟ್ ಬಳಸಿದವರಲ್ಲಿ ಈ ನಷ್ಟ ಬಹುಮಟ್ಟಿಗೆ ಕಾಣಲಿಲ್ಲ. ಎರಡರ ಒಳಗೂ ಇದ್ದದ್ದು ಒಂದೇ ಯಂತ್ರ. ಒಂದು ಬಿಟ್ಟ ಸ್ಥಳವನ್ನು ತಾನೇ ತುಂಬಿತು, ಇನ್ನೊಂದು ಬಿಟ್ಟೇ ಇತ್ತು.

ಇದಕ್ಕೆ ಎದುರು ನಿಲ್ಲಿಸಬಹುದಾದ ಸಾಕ್ಷ್ಯ ನೈಜೀರಿಯಾದ್ದು, ಅದು ಭಾಷೆಗೇ ಸಂಬಂಧಿಸಿದ್ದು. 2024ರಲ್ಲಿ ಅಲ್ಲಿನ ಎಡೊ ರಾಜ್ಯದ ಬೆನಿನ್ ಸಿಟಿಯಲ್ಲಿ ವಿಶ್ವಬ್ಯಾಂಕ್ ಬೆಂಬಲದೊಂದಿಗೆ ಶಾಲೆ ಬಿಟ್ಟ ಮೇಲೆ ಆರು ವಾರ ಎಐ ನೆರವಿನ ಇಂಗ್ಲಿಷ್ ತರಗತಿ ನಡೆಸಿದರು; ಅದರಲ್ಲಿ ಕೂತ ಮಕ್ಕಳು ಕೂರದವರಿಗಿಂತ ಸ್ಪಷ್ಟವಾಗಿ ಮುಂದೆ ಬಂದರು. ಇದನ್ನು ಹಿಡಿದು ಎಐ ಕಲಿಸುತ್ತದೆ, ಮೇಷ್ಟ್ರು ಬೇಡ ಎನ್ನುವವರು ತರಗತಿಯೊಳಗೆ ಇಣುಕಿದರೆ ಒಳ್ಳೆಯದು. ಅಲ್ಲಿ ಶಿಕ್ಷಕರಿದ್ದರು, ಯಂತ್ರಕ್ಕೆ ಏನು ಕೇಳಬೇಕೆಂಬ ಪ್ರಶ್ನೆಗಳನ್ನು ಮೊದಲೇ ತಯಾರು ಮಾಡಿದ್ದರು, ಮಕ್ಕಳು ಜೊತೆಯಾಗಿ ಕೂತು ಮಾತಾಡುತ್ತಿದ್ದರು. ಮೇಲಾಗಿ ಹೋಲಿಸಿದ್ದು ಎಐ ತರಗತಿಗೂ ತರಗತಿಯೇ ಇಲ್ಲದ ಸಂಜೆಗೂ. ಎಐ ತರಗತಿಗೂ ಅಷ್ಟೇ ಹೊತ್ತಿನ ಒಳ್ಳೆಯ ಟ್ಯೂಷನ್ನಿಗೂ ಅಲ್ಲ. ಹಾಗಿದ್ದೂ ಈ ಫಲಿತಾಂಶವನ್ನು ಹಗುರವಾಗಿ ತಳ್ಳಿಹಾಕಬಾರದು. ಬಾಪೂಜಿ ನಗರದ ಸರ್ಕಾರಿ ಶಾಲೆಗೆ ಹೋಗುವ ಮಗುವಿಗೆ ಮನೆಯಲ್ಲಾಗಲಿ ಬೀದಿಯಲ್ಲಾಗಲಿ ಇಂಗ್ಲಿಷಿನಲ್ಲಿ ಮಾತಾಡಿಸುವವರು ಸಿಗುವುದು ಕಡಿಮೆ. ಇಂಗ್ಲಿಷ್ ಮಟ್ಟಿಗೆ ಎಐ ಬಲು ಸಮರ್ಥ ಜೊತೆಗಾರ, ಏಕೆಂದರೆ ಅದು ಓದಿ ಬೆಳೆದದ್ದೇ ಇಂಗ್ಲಿಷಿನಲ್ಲಿ. ತನಗಿಂತ ಚೆನ್ನಾಗಿ ಬಲ್ಲವರ ಮಾತು ಕಿವಿಗೆ ಬೀಳಬೇಕೆಂಬ ಕಾರಣಕ್ಕೆ ಪ್ರಭು ಅವರು ಮಕ್ಕಳ ಗುಂಪುಚರ್ಚೆಯನ್ನೂ ಅಷ್ಟಾಗಿ ಮೆಚ್ಚುತ್ತಿರಲಿಲ್ಲ. ಆ ಕೊರತೆಯನ್ನು ಯಂತ್ರ ತುಂಬಬಲ್ಲುದು.

ಆದರೆ ಅದೇ ಬೀದಿಯ ಎದುರು ದಿಕ್ಕಿನ ಕಲಿಕೆ, ಹಿಂದಿಯ ಕೆಲಸಗಾರನದೋ ಕೇರಳದ ದಾದಿಯದೋ ಕನ್ನಡದ ಕಲಿಕೆ, ತೀರಾ ಬೇರೆ. ಇಲ್ಲಿ ಬೀದಿ ಶ್ರೀಮಂತ, ಯಂತ್ರ ಬಡವ. 2022ರಲ್ಲಿ ಓಪನ್‌ಎಐ ಹೊರತಂದ ವಿಸ್ಪರ್ ಎಂಬ ಮಾತು ಗುರುತಿಸುವ ವ್ಯವಸ್ಥೆಗೆ ಉಣಿಸಿದ್ದು 6,80,000 ಗಂಟೆಗಳ ಧ್ವನಿ; ಅದರಲ್ಲಿ ಸುಮಾರು ಮೂರನೇ ಎರಡರಷ್ಟು ಇಂಗ್ಲಿಷ್, ಕನ್ನಡದ ಬರಹಕ್ಕಿಳಿಸಿದ ಧ್ವನಿ ಲೆಕ್ಕಕ್ಕೇ ಬಾರದಷ್ಟು. ಕಂಪ್ಯೂಟರಿನ ಯೂನಿಕೋಡ್ (ಯುಟಿಎಫ್-8) ಬರಹದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ‘ಕ’ಕ್ಕೆ ಮೂರು ಬೇಕು, ಗುಣಿತ ಒತ್ತಕ್ಷರ ಸೇರಿದರೆ ಇನ್ನೂ ಹೆಚ್ಚು. ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟು ಪದಗಳನ್ನು ತುಂಡರಿಸುವ ಯಂತ್ರ ‘ಹೋಗಬೇಕಾಗಿತ್ತಲ್ಲ’ ಎಂಬ ನಮ್ಮ ಒಂದೇ ಮಾತನ್ನು ಚೂರುಚೂರು ಮಾಡಿ ನುಂಗುತ್ತದೆ. ಇವೆಲ್ಲ ದುಡ್ಡು ಸುರಿದರೆ ಸರಿಹೋಗುವ ತಾಂತ್ರಿಕ ಕೊರತೆಗಳು. ಇದಕ್ಕಿಂತ ಆಳದ ತೊಡಕು ಅದು ಯಾವ ಕನ್ನಡವನ್ನು ಓದಿದೆ ಎಂಬುದು. ಅದು ಓದಿದ್ದು ಪತ್ರಿಕೆ, ಸರ್ಕಾರಿ ಸುತ್ತೋಲೆ, ವಿಕಿಪೀಡಿಯ, ಇಂಗ್ಲಿಷಿನಿಂದ ಅನುವಾದವಾದ ಜಾಹೀರಾತು. ತರಕಾರಿ ಅಂಗಡಿಯಲ್ಲಿ ಏನು ಹೇಳಲಿ ಎಂದು ಕೇಳಿದರೆ ‘ದಯವಿಟ್ಟು ನನಗೆ ಅರ್ಧ ಕಿಲೋ ಟೊಮೇಟೊ ನೀಡಲು ಸಾಧ್ಯವೇ?’ ಎಂಬ ಧಾಟಿಯ ವಾಕ್ಯ ಬರುತ್ತದೆ. ವ್ಯಾಕರಣದಲ್ಲಿ ಹುಳುಕಿಲ್ಲ. ಆದರೆ ಟೊಮೇಟೊ ಕೊಳ್ಳುವಾಗ ಯಾವ ಕನ್ನಡಿಗನೂ ಹಾಗೆ ಆಡಿದ್ದಿಲ್ಲ. ಅದು ಮೈಮೇಲೆ ಕೋಟು ಹಾಕಿಕೊಂಡು ಬಂದ ಇಂಗ್ಲಿಷ್. ‘ಅಣ್ಣಾ, ಟೊಮೇಟೊ ಅರ್ಧ ಕೆಜಿ ಹಾಕಿ’ ಎನ್ನುತ್ತಾರೆ. ಕನ್ನಡದ ಮರ್ಯಾದೆ ‘ದಯವಿಟ್ಟು’ವಿನಲ್ಲಿಲ್ಲ, ‘ಹಾಕು’ ಎಂಬುದು ‘ಹಾಕಿ’ ಆಗುವ ಆ ಒಂದು ಗುಡುಸಿನಲ್ಲಿ, ‘ಅಣ್ಣಾ’ ಎಂಬ ಕರೆಯಲ್ಲಿ ಇದೆ. ದಯವಿಟ್ಟು ಎಂಬುದು ಮೆಟ್ರೊ ಪ್ರಕಟಣೆಯ ಮಾತು.

ಬರೆಯುವ ಕನ್ನಡಕ್ಕೂ ಆಡುವ ಕನ್ನಡಕ್ಕೂ ಇರುವ ಈ ಅಂತರವನ್ನು ಕಲಿಯುವವರ ದೃಷ್ಟಿಯಿಂದ ಗಂಭೀರವಾಗಿ ತೆಗೆದುಕೊಂಡವರಲ್ಲಿ ಅಮೆರಿಕದ ಭಾಷಾವಿಜ್ಞಾನಿಗಳ ಹೆಸರು ಎದ್ದು ಕಾಣುತ್ತದೆ. ಆಡುಗನ್ನಡದ ರೂಪರೇಖೆಯನ್ನು ವಿಲಿಯಂ ಬ್ರೈಟ್ 1958ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಮೂಲಕ ಪ್ರಕಟಿಸಿದರು. ಹೆರಾಲ್ಡ್ ಷಿಫ್‌ಮನ್ 1983ರಲ್ಲಿ ಆಡುಗನ್ನಡಕ್ಕೇ ಒಂದು ಆಕರ ವ್ಯಾಕರಣ ಬರೆದರು. ಮೈಸೂರಿನಲ್ಲಿ 1969ರಲ್ಲಿ ಡಿ.ಪಿ. ಪಟ್ಟನಾಯಕ್ ಅವರ ನೇತೃತ್ವದಲ್ಲಿ ಶುರುವಾದ ಭಾರತೀಯ ಭಾಷಾ ಸಂಸ್ಥಾನ ಬೇರೆ ರಾಜ್ಯಗಳ ಶಿಕ್ಷಕರಿಗೆ ಕನ್ನಡ ಕಲಿಸುತ್ತ ಬಂದಿದೆ, ಪಾಠಪುಸ್ತಕಗಳನ್ನೂ ತಂದಿದೆ. ಶಾಲೆಗಳ ಕಥೆ ಬೇರೆ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮ ರಾಜ್ಯದ ಎಲ್ಲ ಶಾಲೆಗಳಲ್ಲೂ ಕನ್ನಡವನ್ನು ಮೊದಲ ಅಥವಾ ಎರಡನೆಯ ಭಾಷೆಯಾಗಿ ಕಲಿಸಬೇಕೆಂದು ವಿಧಿಸಿತು. ಕಲಿಸುವುದು ಮಾತ್ರ ಪುಸ್ತಕದ ಕನ್ನಡ, ಅಳೆಯುವುದು ಬರೆದ ಉತ್ತರ. ಸಂಧಿ ಬಿಡಿಸಿ ಅಂಕ ಗಳಿಸಿದ ಹುಡುಗ ಬಸ್ಸಿನಲ್ಲಿ ‘ಸ್ವಲ್ಪ ಜರುಗಿ’ ಎನ್ನಲು ತಡಕಾಡುವುದು ಅದರ ಫಲ. ಎಐ ಕೂಡ ಅದೇ ಪುಸ್ತಕ ಓದಿದ ಹುಡುಗ.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮ. ಮಾತನ್ನು ಬರಹಕ್ಕಿಳಿಸುವ ಯಂತ್ರ ತನ್ನ ಕಿವಿಯನ್ನಷ್ಟೇ ನಂಬುವುದಿಲ್ಲ. ಯಾವ ಪದದ ಮುಂದೆ ಯಾವ ಪದ ಬರುವ ಸಂಭವ ಹೆಚ್ಚು ಎಂದು ಊಹಿಸುತ್ತ ಹೋಗುತ್ತದೆ. ಉಚ್ಚಾರ ಅಷ್ಟಿಷ್ಟು ತಪ್ಪಿದರೂ ಅರ್ಥ ಮಾಡಿಕೊಳ್ಳಲಿ ಎಂದೇ ಅದನ್ನು ಹಾಗೆ ಕಟ್ಟಿರುವುದು. ಕನ್ನಡ ಕಲಿಯುವ ಹಿಂದಿಯವರಿಗೆ ‘ಳ’ಕಾರ ಹೊರಳುವುದು ಕಷ್ಟ. ‘ಹೇಳಿ’ ಎನ್ನಲು ಹೋಗಿ ‘ಹೇಲಿ’ ಎಂದರೆ ಬಾಪೂಜಿ ನಗರದ ಅಂಗಡಿಯಲ್ಲಿ ಏನಾಗುತ್ತದೆಂದು ವಿವರಿಸಬೇಕಿಲ್ಲ. ನಗು ಏಳುತ್ತದೆ, ಕಿವಿ ಕೆಂಪಾಗುತ್ತದೆ, ಆ ‘ಳ’ಕಾರ ಜನ್ಮದಲ್ಲಿ ಮರೆಯುವುದಿಲ್ಲ. ಯಂತ್ರವೋ, ಸಂದರ್ಭ ನೋಡಿ ‘ಹೇಳಿ’ ಎಂದೇ ಬರೆದುಕೊಂಡು ಸೌಜನ್ಯದಿಂದ ಮುಂದುವರಿಯುವ ಸಂಭವವೇ ಹೆಚ್ಚು. ‘ನನಗೆ ಬೇಕು’ ಎನ್ನುವ ಬದಲು ‘ನಾನು ಬೇಕು’ ಎಂದರೂ ಅದಕ್ಕೆ ಅರ್ಥವಾಗುತ್ತದೆ. ‘ನೀನು’ ಎಂದು ಕರೆದರೂ ಅದಕ್ಕೆ ಸಿಟ್ಟಿಲ್ಲ, ಅಪ್ಪನ ವಯಸ್ಸಿನವರನ್ನು ಹಾಗೆ ಕರೆದಾಗ ಎದುರಾಗುವ ಆ ಒಂದು ಕ್ಷಣದ ಮೌನವೂ ಇಲ್ಲ. ಅರ್ಥ ಮಾಡಿಕೊಳ್ಳುವುದರಲ್ಲಿ ಯಂತ್ರ ಎಷ್ಟು ಉದಾರವೋ ಕಲಿಸುವುದರಲ್ಲಿ ಅಷ್ಟೇ ಲೋಭಿ. ಕಾರ್ಡರ್ ಹೇಳಿದ ಆ ಕಿಟಕಿಗೆ ಅದು ಪರದೆ ಎಳೆದುಬಿಡುತ್ತದೆ.

ಇಷ್ಟು ಹೇಳಿದಾಗ ಬರುವ ಮೊದಲ ಆಕ್ಷೇಪ ನ್ಯಾಯವಾದದ್ದು. ಬೀದಿ ಶ್ರೀಮಂತ ಎನ್ನುತ್ತೀರಿ, ಬೀದಿ ಕಲಿಯಗೊಡುತ್ತದೆಯೇ? ಬೆಂಗಳೂರಿನಲ್ಲಿ ಒಬ್ಬರು ಎಡವುತ್ತ ಎರಡು ಮಾತು ಕನ್ನಡ ಆಡಿದರೆ ಎದುರಿನವರು ಮೂರನೆಯ ಮಾತಿಗೆ ಹಿಂದಿಗೋ ತಮಿಳಿಗೋ ಇಂಗ್ಲಿಷಿಗೋ ಹೊರಳುತ್ತಾರೆ. ಅದು ಅತಿಥಿ ಸತ್ಕಾರ, ವ್ಯಾಪಾರದ ಅವಸರ, ನಾಲ್ಕು ಭಾಷೆ ಬಲ್ಲ ಜಾಣತನ ಎಲ್ಲವೂ ಹೌದು. ಎಐ ಬರುವುದಕ್ಕೆ ಎಷ್ಟೋ ಮುಂಚೆಯೇ ಬೆಂಗಳೂರಿನ ಅಂಗಡಿಯವನು ಒಬ್ಬ ಅನುವಾದ ಯಂತ್ರವಾಗಿದ್ದ. ಬಿಟ್ಟ ಸ್ಥಳವನ್ನು ತುಂಬಿಕೊಟ್ಟವರಲ್ಲಿ ನಾವೇ ಮೊದಲಿಗರು. ‘ಕನ್ನಡ ಗೊತ್ತಿಲ್ಲ’ ಎಂಬ ವಾಕ್ಯ ಈ ನಗರದಲ್ಲಿ ಅಷ್ಟು ಸಲೀಸಾಗಿ ನಡೆಯಲು ಅದೂ ಒಂದು ಕಾರಣ. ಅದನ್ನೇ ಹೆಸರಾಗಿಟ್ಟುಕೊಂಡು ವಾಟ್ಸ್‌ಆ್ಯಪ್‌ನಲ್ಲಿ ಕನ್ನಡ ಕಲಿಸಲು ಹೊರಟ ಗುಂಪೊಂದು ಜನಪ್ರಿಯವಾಯಿತು ಎಂಬುದು ಸ್ವಾರಸ್ಯದ ಸಂಗತಿ. ಮನೆಯಿಂದ ಹೊರಗೆ ಹೆಚ್ಚು ಹೋಗದ ಗೃಹಿಣಿ, ಹನ್ನೆರಡು ಗಂಟೆ ಪಾಳಿಯ ಕಾವಲುಗಾರ, ನಾಲ್ಕು ಜನರೆದುರು ಬಾಯಿ ತೆರೆಯಲು ನಾಚುವವರು ಇವರಿಗೆ ಬೀದಿ ಇದ್ದೂ ಇಲ್ಲ. ಯಂತ್ರಕ್ಕೆ ಬೇಸರವಿಲ್ಲ, ನಗುವುದಿಲ್ಲ, ರಾತ್ರಿ ಹನ್ನೊಂದಕ್ಕೂ ಸಿಗುತ್ತದೆ. ಈ ಮಾತನ್ನು ಪೂರ್ತಿ ಒಪ್ಪಬೇಕು. ಆದರೆ ಒಪ್ಪಿದ ಮೇಲೂ ಉಳಿಯುವುದು ಒಂದೇ ಪಾತ್ರ: ತಾಲೀಮಿನ ಜೊತೆಗಾರ. ನಾಟಕದವರು ತಾಲೀಮು ಮಾಡುವುದು ಆಟದ ದಿನ ರಂಗಕ್ಕೆ ಹೋಗಲೆಂದು. ನಾಳೆ ಔಷಧಿ ಅಂಗಡಿಯಲ್ಲಿ ಆಡಬೇಕಾದ ಆರು ಮಾತನ್ನು ಇವತ್ತು ರಾತ್ರಿ ಫೋನಿನೊಂದಿಗೆ ಆಡಿನೋಡಿ, ನಾಳೆ ಫೋನನ್ನು ಜೇಬಿನಲ್ಲಿಟ್ಟುಕೊಂಡು ಹೋದರೆ ಆ ತಾಲೀಮಿಗೆ ಅರ್ಥವಿದೆ. ಅಂಗಡಿಯ ಮುಂದೆ ನಿಂತು ಫೋನನ್ನೇ ಮಾತಾಡಿಸಿದರೆ ಭಾಷೆ ಕಲಿತಂತಾಗುವುದಿಲ್ಲ, ಔಷಧಿ ಕೊಂಡಂತಾಗುತ್ತದೆ ಅಷ್ಟೆ.

ಔಷಧಿ ಕೊಂಡರೆ ಸಾಲದೇ, ಭಾಷೆ ಯಾಕೆ ಬೇಕು ಎಂಬುದು ಎರಡನೆಯ ಆಕ್ಷೇಪ. ಕೇಂದ್ರ ಸರ್ಕಾರದ ಭಾಷಿಣಿ ಯೋಜನೆ 2022ರಿಂದ ಭಾರತೀಯ ಭಾಷೆಗಳ ನಡುವೆ ಅನುವಾದಕ್ಕೆ ದಾರಿ ಮಾಡುತ್ತಿದೆ, ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರಷ್ಟು ಹಿಂದೆಯೇ. ಕಿವಿಯಲ್ಲಿ ಇಯರ್‌ಫೋನ್ ಇಟ್ಟುಕೊಂಡರೆ ಎಲ್ಲವೂ ಅವರವರ ಭಾಷೆಯಲ್ಲಿ ಕೇಳಿಸುವ ದಿನ ಬಂದೇಬರುತ್ತದೆ. ಬರಲಿ. ಆಸ್ಪತ್ರೆ, ಪೊಲೀಸ್ ಠಾಣೆ, ಕೋರ್ಟು ಇಂಥಲ್ಲಿ ಅದು ವರವೇ. ಜೀವ ಹೋಗುವ ಹೊತ್ತಿನಲ್ಲಿ ಭಾಷೆ ಕಲಿತು ಬಾ ಎನ್ನುವುದು ಕ್ರೌರ್ಯ. ಆದರೆ ಜನ ಜೊತೆಗೆ ಬಾಳಿದಾಗ ಭಾಷೆಗಳಿಗೆ ಏನಾಗುತ್ತದೆ ಎಂಬುದಕ್ಕೆ ಒಂದು ಊರು ಸಾಕ್ಷಿ ಇದೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಶತಮಾನಗಳಿಂದ ಒಟ್ಟಿಗೆ ಬದುಕಿವೆ. ಸಂಶೋಧಕರಾದ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ತೋರಿಸಿದಂತೆ, ಅಲ್ಲಿ ಪ್ರತಿ ಮನೆಯೂ ತನ್ನ ಮಾತನ್ನು ಬಿಡದೆ ಉಳಿಸಿಕೊಂಡಿತು, ಆದರೆ ಮೂರೂ ಮಾತುಗಳ ವಾಕ್ಯದ ಕಟ್ಟು ಒಂದೇ ಆಗುತ್ತ ಬಂತು. ಒಂದರ ಪದ ತೆಗೆದು ಇನ್ನೊಂದರ ಪದ ಇಟ್ಟರೆ ಅನುವಾದ ಮುಗಿಯಿತು. ಯಾರೂ ಅವರಿಗೆ ಪಾಠ ಮಾಡಿರಲಿಲ್ಲ. ಬಾಪೂಜಿ ನಗರದ ದಖನಿಯಲ್ಲೂ ಇದೇ ಗುರುತಿದೆ: ಕನ್ನಡದವರು ‘ಬರ್ತೀನಿ ಅಂತ ಹೇಳ್ದ’ ಎನ್ನುವಾಗಿನ ಆ ‘ಅಂತ’ದ ಜಾಗದಲ್ಲಿ ದಖನಿಯವರು ‘ಬೋಲ್‌ಕೆ’ ಇಡುತ್ತಾರೆ, ವಾಕ್ಯದ ಅದೇ ತಾವಿನಲ್ಲಿ. ದಿಲ್ಲಿಯ ಹಿಂದಿಯವರಿಗೆ ಅದು ವಿಚಿತ್ರವಾಗಿ ಕೇಳಿಸುತ್ತದೆ. ನೆರೆಮನೆಯ ಮಾತು ತನ್ನ ಮಾತಿನೊಳಗೆ ಇಳಿದು ಕೂತ ಗುರುತು ಅದು. ಇಯರ್‌ಫೋನ್ ಹಾಕಿಕೊಂಡ ಎರಡು ಮನೆಗಳ ನಡುವೆ ಇಂಥದ್ದು ಹುಟ್ಟುವುದಿಲ್ಲ. ಹುಟ್ಟದಿದ್ದರೆ ನಷ್ಟವೇನು ಎಂದರೆ, ನಷ್ಟ ವ್ಯಾಪಾರಕ್ಕಲ್ಲ. ಪಕ್ಕದ ಮನೆಯವರ ತಮಾಷೆಗೆ ಅನುವಾದ ಬರುವ ಮೊದಲೇ ನಗು ಬರುವುದು ನಿಂತುಹೋಗುತ್ತದೆ.

ಮೂರನೆಯವರು, ಇವತ್ತಿನ ಯಂತ್ರದ ಕೊರತೆ ಹಿಡಿದು ಯಾಕೆ ವಾದ ಹೂಡುತ್ತೀರಿ, ನಾಳೆ ಅದು ಆಡುಗನ್ನಡವನ್ನೂ ಕಲಿಯುತ್ತದೆ ಎನ್ನುತ್ತಾರೆ. ಕಲಿಯುತ್ತದೆ, ಸಂಶಯ ಬೇಡ. ನಮ್ಮದೇ ಊರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆ ಸೇರಿ ‘ವಾಣಿ’ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಜನರ ಮಾತನ್ನು ಧ್ವನಿಮುದ್ರಿಸುತ್ತಿದೆ; ಮದರಾಸಿನ ಐಐಟಿಯ ಎಐ4ಭಾರತ್ ತಂಡ 22 ಭಾಷೆಗಳ ಧ್ವನಿ ಸಂಗ್ರಹಿಸಿದೆ. ಕಲಬುರಗಿಯ, ಕುಂದಾಪುರದ, ಚಾಮರಾಜನಗರದ ಕನ್ನಡ ಯಂತ್ರದ ಕಿವಿಗೆ ಬೀಳುವುದು ಒಳ್ಳೆಯದೇ. ಆದರೆ ಯಂತ್ರದ ಕನ್ನಡ ಉತ್ತಮವಾದಷ್ಟೂ ಬಿಟ್ಟ ಸ್ಥಳವನ್ನು ಅದು ಇನ್ನೂ ಸೊಗಸಾಗಿ, ಇನ್ನೂ ಬೇಗ ತುಂಬುತ್ತದೆ. ಟರ್ಕಿಯ ಮಕ್ಕಳ ಕೈಲಿದ್ದ ಯಂತ್ರ ದಡ್ಡ ಎಂದು ಅವರು ಹಿಂದೆ ಬೀಳಲಿಲ್ಲ. ಕೇಳಿದ ಕೂಡಲೇ ಉತ್ತರ ಕೊಡುತ್ತಿತ್ತು ಎಂದು ಬಿದ್ದರು.

ಹಾಗಾದರೆ ಸಂಶೋಧನೆ ಯಾವ ಕಡೆ ಹೋಗಬೇಕು? ಈಗ ನಡೆಯುತ್ತಿರುವ ಅಳತೆಯಲ್ಲಿ ಹೆಚ್ಚಿನದು ಯಂತ್ರದ್ದು: ಅದರ ಅನುವಾದ ಎಷ್ಟು ಸರಿ, ಅದು ಎಷ್ಟು ಪದ ತಪ್ಪು ಕೇಳಿಸಿಕೊಂಡಿತು. ಕಲಿಯುವವನನ್ನು ಅಳೆಯುವುದು ಅಪರೂಪ, ಅಳೆದರೂ ಫೋನು ಅವನ ಕೈಯಲ್ಲಿರುವಾಗಲೇ. ಬಾಪೂಜಿ ನಗರದಂಥ ಕಡೆ ಮಾಡಬಹುದಾದ ಪ್ರಯೋಗವೊಂದನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಕನ್ನಡ ಕಲಿಯಲು ಮನಸ್ಸಿರುವ ಹೊಸಬರನ್ನು ಚೀಟಿ ಎತ್ತಿ ಮೂರು ಗುಂಪು ಮಾಡುವುದು. ಒಂದಕ್ಕೆ ಕೇಳಿದ್ದೆಲ್ಲ ಹೇಳುವ ಮಾಮೂಲಿ ಚಾಟ್‌ಬಾಟ್. ಇನ್ನೊಂದಕ್ಕೆ ಉತ್ತರ ತಡೆಹಿಡಿದು ‘ಏನಂದ್ರಿ? ಇನ್ನೊಂದ್ ಸಲ ಹೇಳಿ’ ಎನ್ನುವ, ತಪ್ಪು ಉಚ್ಚಾರವನ್ನು ತಪ್ಪಾಗಿಯೇ ಕೇಳಿಸಿಕೊಳ್ಳುವ, ಆಡುಗನ್ನಡದಲ್ಲೇ ಮಾತಾಡುವ ಚಾಟ್‌ಬಾಟ್. ಮೂರನೆಯದಕ್ಕೆ ಎಐ ಇಲ್ಲ, ವಾರಕ್ಕೆ ಇಷ್ಟು ಹೊತ್ತು ನೆರೆಯವರೊಬ್ಬರ ಜೊತೆ ಮಾತು, ಆ ನೆರೆಯವರಿಗೆ ಒಂದೇ ಷರತ್ತು: ಭಾಷೆ ಬದಲಿಸಬಾರದು. ಚಟುವಟಿಕೆಗಳನ್ನು ತಯಾರಿಸುವುದಕ್ಕೆ ಮಾತ್ರ ಎಐಯನ್ನು ಧಾರಾಳವಾಗಿ ಬಳಸಬಹುದು. ಪ್ರಭು ಅವರ ಮೇಷ್ಟ್ರುಗಳು ಒಂದೊಂದು ಚಟುವಟಿಕೆಯನ್ನೂ ಕೈಯಾರೆ ಕಟ್ಟಬೇಕಿತ್ತು, ಅರ್ಧ ಮಕ್ಕಳು ಅರ್ಧ ಕೆಲಸ ಮಾಡುವ ಆ ಹದ ಸಿಗುವವರೆಗೆ ತಿದ್ದಬೇಕಿತ್ತು. ಸ್ಯಾಟಲೈಟ್ ಬಸ್ ನಿಲ್ದಾಣದ ವೇಳಾಪಟ್ಟಿ, ಕರೆಂಟ್ ಬಿಲ್, ಪಡಿತರ ಅಂಗಡಿಯ ಲೆಕ್ಕ ಇವುಗಳಿಂದ ಒಬ್ಬೊಬ್ಬರ ಮಟ್ಟಕ್ಕೆ ತಕ್ಕ ಹತ್ತಾರು ಸಮಸ್ಯೆಗಳನ್ನು ಯಂತ್ರ ನಿಮಿಷದಲ್ಲಿ ಕೊಡಬಲ್ಲುದು. ಮೇಷ್ಟ್ರು ನೋಡಿ ಆ ಭಾಷೆ ಹಾಕಿಕೊಂಡು ಬಂದ ಕೋಟು ಕಳಚಬೇಕು, ಅಷ್ಟೆ.

ಪರೀಕ್ಷೆ ಹತ್ತು ವಾರದ ಮೇಲೆ, ಫೋನಿಲ್ಲದೆ, ಬೀದಿಯಲ್ಲಿ. ಮೈಸೂರಿಗೆ ಹನ್ನೊಂದು ಗಂಟೆಯೊಳಗೆ ತಲುಪಲು ಯಾವ ಬಸ್ಸು ಎಂದು ಕೇಳಿ ತಿಳಿದುಕೊಂಡು ಬರುವುದು. ಸರಿಯಿಲ್ಲದ ಸಾಮಾನನ್ನು ಜಗಳವಾಗದಂತೆ ಅಂಗಡಿಗೆ ವಾಪಸು ಕೊಡುವುದು. ಹಿರಿಯರೊಬ್ಬರ ಹತ್ತಿರ ದಾರಿ ಕೇಳುವುದು. ಎಷ್ಟು ವಾಕ್ಯ ಸರಿಯಿತ್ತು ಎಂಬುದರ ಜೊತೆಗೆ ಇನ್ನೊಂದನ್ನೂ ಎಣಿಸಬೇಕು: ಎದುರಿನವರು ಎಷ್ಟನೆಯ ಮಾತಿಗೆ ಕನ್ನಡ ಬಿಟ್ಟು ಬೇರೆ ಭಾಷೆಗೆ ಹೊರಳಿದರು.